ದೀಪದ ಮುಂದೆ ಹೇಳಿದ ‘ಹೆಚ್ಚು’

ಹಿರಿಯೂರಿನ ದಯಾನಂದನ ಬಾಯಲ್ಲಿ ಕೆಟ್ಟ ಮಾತು ಬಂದದ್ದನ್ನು ಯಾರೂ ಕೇಳಿದವರಿಲ್ಲ. ಬೈಗುಳದ ವಿಷಯವಲ್ಲ ಇದು. ಲಾರಿ ಡ್ರೈವರುಗಳ ಹತ್ತಿರ ಅದು ಧಾರಾಳವಾಗಿಯೇ ಬರುತ್ತಿತ್ತು. ಅಶುಭದ ಮಾತು ಆಡುತ್ತಿರಲಿಲ್ಲ, ಅಷ್ಟೇ. ಮನೆಯಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ತರಬೇಕು’ ಅನ್ನಬೇಕು, ‘ಇಲ್ಲ’ ಅನ್ನಕೂಡದು. ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಯಾರಾದರೂ ‘ಹೋಗ್ತೀನಿ’ ಎಂದು ಎದ್ದರೆ ತಿರುಗಿ ಕರೆದು, ‘ಬರ್ತೀನಿ’ ಅನ್ನಿಸಿಯೇ ಕಳಿಸುವ ಆಸಾಮಿ.

ಇದನ್ನು ಕಲಿಸಿದವಳು ತಾಯಿ ಮಹಾದೇವಮ್ಮ. ಗಂಡ ಹೊಸದುರ್ಗದ ಸಂತೆಗೆ ಹಗ್ಗ ಹೊತ್ತುಕೊಂಡು ಹೋಗಿ, ಒಂದೂ ಮಾರದೆ ಹೊರೆ ಹೊರೆಯಾಗಿಯೇ ವಾಪಸು ತಂದ ದಿನವೂ ಆಕೆ ಅಕ್ಕಪಕ್ಕದವರ ಮುಂದೆ, “ಚೆನ್ನಾಗಾಯ್ತು ಕಣ್ರವ್ವ ವ್ಯಾಪಾರ” ಅನ್ನುತ್ತಿದ್ದಳು. ಅಸ್ತು ಅನ್ನುವ ದೇವತೆಗಳು ಸುತ್ತಮುತ್ತಲೇ ತಿರುಗುತ್ತಿರುತ್ತಾರೆ, ಅವರ ಕಿವಿಗೆ ಒಳ್ಳೆಯದೇ ಬೀಳಲಿ ಅಂತ. ಅಕ್ಕಪಕ್ಕದವರೂ ಅದೇ ಮಾತು ಆಡುವವರೇ, ಹಾಗಾಗಿ ಯಾರಿಗೂ ಮೋಸವಾಗುತ್ತಿರಲಿಲ್ಲ. ಹೊರೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತಲ್ಲ.

ದಯಾನಂದ ಅಪ್ಪನ ಹಗ್ಗವನ್ನು ಬಿಡಲಿಲ್ಲ, ಹೊರೆಯನ್ನು ಮಾತ್ರ ಬಿಟ್ಟ. ಐಮಂಗಲದ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ಶೀಟಿನ ಶೆಡ್ಡು, ಒಳಗೆ ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಆರು ಮಿಷಿನ್ನು, ಹನ್ನೊಂದು ಜನ ಹೆಂಗಸರು. ಬೋರ್ಡಿನಲ್ಲಿ ‘ಕೈಗಾರಿಕೆ’ ಅನ್ನುವ ಅಕ್ಷರ ಅವನ ಹೆಸರಿಗಿಂತ ದಪ್ಪವಾಗಿತ್ತು. ಜಿಲ್ಲೆಯ ಕೈಗಾರಿಕೆದಾರರ ಸಂಘದವರು ತಿಂಗಳ ಸಭೆಗೆ ಕರೆದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಿತ್ರದುರ್ಗಕ್ಕೆ ಹೋಗಿ, ಎರಡನೇ ಸಾಲಿನಲ್ಲಿ ಕೂತು ಬರುತ್ತಿದ್ದ. ಮೊದಲನೇ ಸಾಲಿನ ಮೇಲೆ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಶೆಡ್ಡಿನ ಒಂದನೇ ನಂಬರಿನ ಮಿಷಿನ್ನು ಯಶೋದಳದು. ಐಮಂಗಲದವಳು, ಗಂಡ ಕುರಿ ಹೊಡೆದುಕೊಂಡು ವರ್ಷದಲ್ಲಿ ಆರು ತಿಂಗಳು ಊರು ಬಿಟ್ಟಿರುವವನು. ಒಂಬತ್ತು ವರ್ಷದಿಂದ ಅಲ್ಲೇ ಇದ್ದಳು. ಹುರಿ ಎಲ್ಲಿ ತೆಳ್ಳಗಾಗುತ್ತಿದೆ ಎಂದು ನೋಡದೆ ಬೆರಳಲ್ಲೇ ಹೇಳುತ್ತಿದ್ದಳು. ಶುಕ್ರವಾರದ ಮಿಷಿನ್ ಪೂಜೆಗೆ ಹೂವು ತರುವವಳೂ ಅವಳೇ. ಮೊದಮೊದಲು ಎಲ್ಲರ ಹಾಗೆ ‘ಸಾವ್ಕಾರ್ರೇ’ ಅನ್ನುತ್ತಿದ್ದಳು. ಮಹಾದೇವಮ್ಮ ತೀರಿಕೊಂಡಾಗ ಹನ್ನೊಂದು ದಿನವೂ ಬಂದು ಅಡಿಗೆಮನೆ ನೋಡಿಕೊಂಡಳು. ಅಲ್ಲಿಂದಾಚೆ ಅವಳ ಬಾಯಲ್ಲಿ ದಯಾನಂದ ‘ಅಣ್ಣ’ ಆದ. ಅಕ್ಕತಂಗಿಯರಿಲ್ಲದ ಅವನಿಗೆ ಆ ಮಾತು ಬಹಳ ಹಿತವಾಗಿತ್ತು.

ಹೋದ ವರ್ಷ ಒಂದು ಗುರುವಾರ ಯಶೋದಾ ಕೆಲಸ ಬಿಡುವ ಹೊತ್ತಿಗೆ ಅವನ ಮೇಜಿನ ಹತ್ತಿರ ಬಂದು ನಿಂತಳು.

“ಅಣ್ಣ, ಬಬ್ಬೂರು ಫಾರಂನಾಗೆ ಬೀಜ ಆರಿಸೋ ಶೆಡ್ಡಿಗೆ ಒಬ್ಬರು ಬೇಕಂತೆ. ವರ್ಷಪೂರ್ತಿ ಕೆಲಸ ಐತಂತೆ. ಸೋಮವಾರದೊಳಗೆ ಹೇಳ್ಬೇಕು. ನನಗೇನೋ ಇಲ್ಲೇ ರೂಢಿ ಆಗೈತೆ. ಇಲ್ಲಿ ಕೆಲಸ ಹಿಂಗೇ ಇರುತ್ತೆ ಅಂದ್ರೆ ಎಲ್ಲಿಗೂ ಹೋಗಲ್ಲ. ನೀವೇ ಹೇಳ್ರಿ, ಹೋಗ್ಲಾ, ಇರ್ಲಾ?”

 ಹಿಂದಿನ ದಿನವಷ್ಟೇ ದಯಾನಂದನಿಗೆ ಪುಣೆಯಿಂದ ಫೋನು ಬಂದಿತ್ತು. ಅವನ ಹಗ್ಗವನ್ನೆಲ್ಲ ಕೊಳ್ಳುತ್ತಿದ್ದ ಒಬ್ಬನೇ ಒಬ್ಬ ಗಿರಾಕಿ, ಮುಂದಿನ ವಾರದ ಶನಿವಾರದ ಲೋಡೇ ಕೊನೆ, ಆಮೇಲೆ ಕಳಿಸಬೇಡಿ, ನಾವು ನೈಲಾನಿಗೆ ಹೋದೆವು ಎಂದಿದ್ದ. ಇದನ್ನು ದಯಾನಂದ ಹೆಂಡತಿ ಅನುಸೂಯಳಿಗೂ ಹೇಳಿರಲಿಲ್ಲ. ಶೆಡ್ಡಿಗೆ ಉಳಿದದ್ದು ಒಂಬತ್ತು ದಿನ.

“ನಾಳೆ ಹೇಳ್ತೀನಿ ಕಣಮ್ಮ” ಅಂದ.

ಮರುದಿನ ಶುಕ್ರವಾರ. ಮಿಷಿನ್ನುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಒಂದನೇ ನಂಬರಿನ ಮುಂದೆ ದೀಪ ಇಟ್ಟು, ಮಂಗಳಾರತಿ ಮುಗಿದಿತ್ತು. ಹೆಂಗಸರು ಇನ್ನೂ ಕೈಮುಗಿದುಕೊಂಡೇ ನಿಂತಿದ್ದರು. ಅಷ್ಟರಲ್ಲಿ ಸಂಘದ ಓಬಳೇಶ್ ಬೈಕು ನಿಲ್ಲಿಸಿ ಒಳಗೆ ಬಂದ. ಮೂರು ತಿಂಗಳಿಗೊಮ್ಮೆ ಎಲ್ಲಾ ನಮೂನೆಯ ಕಾರ್ಖಾನೆಗಳಿಗೂ ಹೋಗಿ, ಮುಂದಿನ ಮೂರು ತಿಂಗಳು ಹೇಗಿರುತ್ತದೆ ಎಂದು ಮಾಲೀಕರನ್ನು ಕೇಳಿ ಬರೆದುಕೊಳ್ಳುವುದು ಅವನ ಕೆಲಸ. ಪ್ರಶ್ನೆ ಐದು, ಪ್ರತಿಯೊಂದಕ್ಕೂ ಹೆಚ್ಚು, ಅಷ್ಟೇ, ಕಡಿಮೆ ಎಂಬ ಮೂರು ಮನೆ.

“ಬರ್ರಿ ಬರ್ರಿ, ಪ್ರಸಾದ ತಗಳ್ರಿ” ಅಂದ ದಯಾನಂದ. “ಎಲ್ಲಾ ಕಡೆ ಹೆಂಗೈತೆ?”

“ಹೊಳಲ್ಕೆರೆ ಹಾಳೆತಟ್ಟೆಯೋರು ಹೆಚ್ಚು ಅಂದ್ರು. ಹೊಸದುರ್ಗದ ಕಲ್ಲು ಪಾಲಿಶ್‌ನೋರೂ ಹೆಚ್ಚು. ಇಲ್ಲೇ ಎಣ್ಣೆ ಮಿಲ್ಲಿನ ತಿಮ್ಮರಾಯಪ್ಪನೋರು ಐದಕ್ಕೈದೂ ಹೆಚ್ಚು ಅಂತ ಹಾಕ್ಸವ್ರೆ.” ಓಬಳೇಶ್ ಮೊಬೈಲು ತೆಗೆದ. “ನಿಮ್ದು ಹೇಳ್ರಿ ಸಾರ್. ಮುಂದಿನ ಮೂರು ತಿಂಗಳು ಆರ್ಡರ್ ಹೆಂಗಿರ್ತವೆ?”

ದೀಪ ಉರಿಯುತ್ತಿತ್ತು. ತಿಮ್ಮರಾಯಪ್ಪ ಸಂಘದಲ್ಲಿ ಮೊದಲನೇ ಸಾಲಿನವನು.

“ಹೆಚ್ಚು ಅಂತ ಹಾಕ್ರಿ.”

“ಕೆಲಸದೋರು? ಇಷ್ಟೇ ಜನಾನೋ, ಇನ್ನೂ ತಗಳ್ತೀರೋ?”

ಯಶೋದಾ ಕುಂಕುಮದ ಬಟ್ಟಲು ಹಿಡಿದುಕೊಂಡು ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನುವುದು ದಯಾನಂದನಿಗೆ ಗೊತ್ತಿತ್ತು.

“ಅದೂ ಹೆಚ್ಚೇ. ಇನ್ನಿಬ್ಬರು ಬೇಕಾಗ್ತಾರೆ.”

ಯಶೋದಳ ಮುಖ ಅರಳಿತು. ಅವತ್ತು ಸಂಜೆ ಅವಳು ಮೇಜಿನ ಹತ್ತಿರ ಬರಲಿಲ್ಲ. ಕೇಳುವುದು ಇನ್ನೇನಿತ್ತು? ‘ಬರ್ತೀನಣ್ಣ’ ಎಂದು ಗೇಟು ದಾಟಿದಳು. ದಯಾನಂದ ಎದ್ದು ಗೇಟಿನ ತನಕ ಹೋದ. ಪೂಜೆಯ ಹೊತ್ತಿನ ಮಾತು ಅದು, ಹಾಗೇ ಹೇಳಬೇಕಾಗುತ್ತದೆ, ನೀನು ಬಬ್ಬೂರಿಗೆ ಹೋಗು ಎಂದು ಹೊರಗೆ ನಿಂತು ಹೇಳಿದ್ದರೆ ಯಾವ ದೇವತೆಯೂ ಅಸ್ತು ಅನ್ನುತ್ತಿರಲಿಲ್ಲ. ಕರೆಯಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಕೊನೆಯ ಲೋಡು ನೆನಪಾಯಿತು. ಇವಳು ಸೋಮವಾರ ಹೊರಟರೆ ಒಂದನೇ ನಂಬರು ನಿಲ್ಲುತ್ತದೆ, ಲೋಡು ತುಂಬುವುದಿಲ್ಲ. ಬಾಯಿ ಮುಚ್ಚಿಕೊಂಡ. ಅವಳು ಬಸ್ಸು ಹತ್ತಿದ್ದನ್ನು ನೋಡಿಯೇ ಒಳಗೆ ಬಂದ.

ಸೋಮವಾರ ಯಶೋದಾ ಎಲ್ಲರಿಗಿಂತ ಮುಂಚೆ ಬಂದಳು. ಬಬ್ಬೂರಿನ ಕೆಲಸವನ್ನು ಪಕ್ಕದ ಮನೆಯ ಚಂದ್ರಕ್ಕನ ಮಗಳಿಗೆ ಬಿಟ್ಟುಕೊಟ್ಟೆ ಎಂದು ನಗುತ್ತಾ ಹೇಳಿದಳು. ಆ ವಾರದ ಪೇಪರಿನ ಜಿಲ್ಲಾ ಪುಟದಲ್ಲಿ ‘ಕಾರ್ಖಾನೆ ಮಾಲೀಕರಲ್ಲಿ ಹೆಚ್ಚಿದ ವಿಶ್ವಾಸ’ ಎಂದು ಸಣ್ಣ ಸುದ್ದಿ ಬಂತು. ಓದುವಾಗ ದಯಾನಂದನಿಗೆ ತನ್ನ ಎರಡು ಸುಳ್ಳು ಅದರಲ್ಲಿ ಕಲಸಿಹೋಗಿರುವುದು ಗೊತ್ತಾಗುತ್ತಿತ್ತು. ಉಳಿದವರದು ಎಷ್ಟು ಕಲಸಿದೆಯೋ ಎಂಬ ಯೋಚನೆಯೂ ಬಂತು. ಪೇಪರನ್ನು ನಾಲ್ಕು ಮಡಿಕೆ ಮಾಡಿ ನಾರಿನ ಚೀಲದ ಕೆಳಗೆ ತುರುಕಿದ.

ಶನಿವಾರ ಲೋಡು ಹೋಯಿತು. ಹೆಂಗಸರನ್ನು ಕೂರಿಸಿ, ಶೆಡ್ಡು ಸೋಮವಾರದಿಂದ ತೆಗೆಯುವುದಿಲ್ಲ ಎಂಬುದನ್ನು ತಿಳಿಸಿದ. ಅದನ್ನೂ ನೆಟ್ಟಗೆ ಹೇಳಲಿಲ್ಲ. ‘ಸ್ವಲ್ಪ ದಿನ ವಿಶ್ರಾಂತಿ’ ಅಂದ. ಅವರಿಗೆ ಅರ್ಥವಾಯಿತು. ಇಬ್ಬರು ಮುಖದ ಮೇಲೇ ಬೈದರು. ಅವನಿಗೆ ಅದು ಸರಿ ಅನ್ನಿಸಿತು. ಆದರೆ ಯಶೋದಾ ಎದ್ದು ನಿಂತು ಅವರ ಬಾಯಿ ಮುಚ್ಚಿಸಿದಳು.

“ಅಣ್ಣನ್ನ ಯಾಕೆ ಬೈತೀರೇ? ಎಂಟು ದಿನದ ಹಿಂದೆ ದೀಪದ ಮುಂದೆ ನಿಂತು ಇನ್ನಿಬ್ಬರು ಬೇಕು ಅಂತ ಹೇಳವ್ರೆ. ದೀಪದ ಮುಂದೆ ಯಾರಾದ್ರೂ ಸುಳ್ಳು ಹೇಳ್ತಾರಾ? ಪಾಪ, ಅವ್ರಿಗೂ ಗೊತ್ತಿರ್ಲಿಲ್ಲ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು ದಯಾನಂದನಿಗೆ. ದೀಪದ ಮುಂದಿನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅವನು ಹುಟ್ಟಿದಾಗಿನಿಂದ ತಿಳಿದುಕೊಂಡಿದ್ದ. ಅವಳು ದೀಪದ ಮುಂದೆ ಹೇಳಿದ್ದಕ್ಕೇ ನಂಬಿದ್ದಳು. ಹನ್ನೊಂದು ಜನರೂ ಅವನ ಮುಖ ನೋಡಿದರು. ಅವನು ತಲೆಯಾಡಿಸಿದ. ಹೌದು, ನನಗೂ ಗೊತ್ತಿರಲಿಲ್ಲ ಅನ್ನುವ ಹಾಗೆ.

ನಾಚಿಕೆ ಅನ್ನುವುದು ಅಲ್ಲಿಂದ ಅವನ ಜೊತೆಗೇ ಊಟಕ್ಕೆ ಕೂರತೊಡಗಿತು.  ಐಮಂಗಲದ ಬಸ್ಸು ಕಂಡರೆ ಯಾವುದಾದರೂ ಅಂಗಡಿಯೊಳಗೆ ಸರಿಯುತ್ತಿದ್ದ. ಅತ್ತ ಎಣ್ಣೆ ಮಿಲ್ಲಿಗೂ ಬೀಗ ಬಿದ್ದಿತ್ತು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ತಿಮ್ಮರಾಯಪ್ಪ, “ಅವತ್ತೇ ಗೊತ್ತಿತ್ತು ಕಣಪ್ಪ ನನಗೆ. ಓಬಳೇಶನ ಮುಂದೆ ಹೆಂಗೆ ಹೇಳೋದು?” ಎಂದು ನಕ್ಕ. ದಯಾನಂದನಿಗೆ ನಗು ಬರಲಿಲ್ಲ.

ಮೂರು ತಿಂಗಳಾಯಿತು. ಓಬಳೇಶನ ಫೋನು ಬಂತು. “ಸಾರ್, ಮುಂದಿನ ಮೂರು ತಿಂಗಳು ಹೆಂಗೈತೆ? ಹೆಚ್ಚೋ, ಅಷ್ಟೇನೋ?”

“ಮುಚ್ಚೈತೆ” ಅಂದ ದಯಾನಂದ. ಆ ಪದವನ್ನು ಅವನ ಬಾಯಿ ಮೊದಲ ಸಲ ಆಡಿತು. “ಹೋದ ಸಲ ಹೇಳಿದ್ದೂ ಸುಳ್ಳು. ಅದನ್ನ ತಿದ್ದಕ್ಕಾಗುತ್ತಾ?”

“ಹೋದ್ಸಲದ್ದು ಹೋಯ್ತು ಸಾರ್, ತಿದ್ದಕ್ಕಾಗಲ್ಲ. ಈಗ ಕಡಿಮೆ ಅಂತ ಹಾಕ್ಲಾ?”

ಫೋನು ಇಟ್ಟವನು ನೇರವಾಗಿ ಐಮಂಗಲದ ಬಸ್ಸು ಹತ್ತಿದ. ಯಶೋದಾ ಮನೆಯ ಮುಂದೆ ಯಾರದೋ ಹೊಲದಿಂದ ತಂದ ಶೇಂಗಾ ಬಿಡಿಸುತ್ತಿದ್ದಳು. ಅವನನ್ನು ಕಂಡದ್ದೇ ಕೈ ಒರೆಸಿಕೊಂಡು ಎದ್ದಳು.

“ಬರ್ರಿ ಅಣ್ಣ, ಕುಂತ್ಕಳ್ರಿ. ಶೆಡ್ಡು ತೆಗೀತೀರಾ? ಅದಕ್ಕೇ ಬಂದ್ರಾ?”

“ಇಲ್ಲಮ್ಮ.” ಅವನು ಕೂರಲಿಲ್ಲ. “ಅವತ್ತು ಶುಕ್ರವಾರ ನನಗೆ ಗೊತ್ತಿತ್ತು. ಬುಧವಾರವೇ ಗೊತ್ತಿತ್ತು. ಲೋಡು ಮುಗೀಲಿ ಅಂತ ನಿನ್ನ ಹಿಡ್ಕಂಡೆ. ಗೇಟಿನ ತನಕ ಬಂದು ಕರೀಲಿಲ್ಲ. ಆಮೇಲೆ ನೀನು ನನ್ನ ಪರ ಮಾತಾಡ್ದಾಗಲೂ ಸುಮ್ನಿದ್ದೆ.”

ಯಶೋದಾ ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.  ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದು, ಕೈಗೆ ಕೊಡದೆ ಜಗಲಿಯ ಮೇಲಿಟ್ಟು, ಮತ್ತೆ ಶೇಂಗಾದ ಮುಂದೆ ಕೂತಳು. ಅವನು ನೀರು ಕುಡಿದ. ಲೋಟ ಇಟ್ಟು, “ಬರ್ತೀನಮ್ಮ” ಅಂದ.

ಅವಳು ತಲೆ ಎತ್ತಲಿಲ್ಲ.

“ಹೋಗ್ರಿ ಸಾವ್ಕಾರ್ರೇ” ಅಂದಳು.