ಅಪ್ಪ ಕಲಿಸದೆ ಉಳಿಸಿಕೊಂಡ ಕೈ

ನಮ್ಮಪ್ಪ ಮುರಿದ ಎಲುಬು, ತಪ್ಪಿದ ಕೀಲು ಕೂಡಿಸುತ್ತಿದ್ದ. ಹಳಿಯಾಳದ ಹತ್ತಿರದ ನಮ್ಮ ಹಳ್ಳಿಗೆ ಜೊಯಿಡಾ ಕಡೆಯಿಂದಲೂ ಜನ ಚಕ್ಕಡಿ ಹೂಡಿಕೊಂಡು ಬರುತ್ತಿದ್ದರು.

ಮನೆತನದಲ್ಲಿ ಒಂದು ನಂಬಿಕೆ ಇತ್ತು: ವಿದ್ಯೆ ಕಲಿಸಿದ ದಿನವೇ ಕಲಿಸಿದವನ ಕೈಗುಣ ಹೋಗುತ್ತದೆ. ಹಾಗಾಗಿ ಎಲ್ಲರೂ ಕೊನೆಗಾಲದವರೆಗೆ ಕಾಯುತ್ತಿದ್ದರು. ಅಪ್ಪನೂ ಕಾದ. ಅರವತ್ತರ ದಶಕದ ಆರಂಭದಲ್ಲಿ ಲಕ್ವ ಹೊಡೆದು ಅವನ ಬಲಗೈ ಜೋತುಬಿತ್ತು. ಮಾತು ಉಳಿಯಿತು.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ತಾಲೂಕಿನ ಸುದ್ದಿ ಬರೆದು ಕಳಿಸುತ್ತಿದ್ದೆ. ಆ ವಿದ್ಯೆ ನನಗೆ ಬೇಕಿರಲಿಲ್ಲ. ಗಂಡ ತೀರಿಕೊಂಡು ತವರಿಗೆ ಬಂದಿದ್ದ ಅಕ್ಕನಿಗೆ ಬೇಕಿತ್ತು. ತವರಿನಲ್ಲಿ ಕೂತು ಉಣ್ಣುವವಳಾಗದೆ, ಜನ ಹುಡುಕಿಕೊಂಡು ಬರುವವಳಾಗಬೇಕು ಎಂಬುದು ಅವಳ ಆಸೆ.

ಅಪ್ಪನ ಮೊದಲ ಪಾಠ ಗಡಿಗೆಯದು. ಗಡಿಗೆಯನ್ನು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಒಡೆಯಬೇಕು. ಆಮೇಲೆ ಚೀಲ ಬಿಚ್ಚದೆ, ಹೊರಗಿನಿಂದಲೇ ಮುಟ್ಟಿ ಚೂರುಗಳನ್ನು ಮತ್ತೆ ಆಕಾರಕ್ಕೆ ತರಬೇಕು. ಮಳೆಗಾಲ ಮುಗಿಯುವುದರೊಳಗೆ ಅಕ್ಕನಿಗೆ ಅದು ಬಂತು.

"ಇನ್ನ ಮನಷ್ಯಾರ ಮೈ ಮ್ಯಾಲೆ ಕಲಸು ಅಪ್ಪಾ," ಅಂದಳು.

"ಅದಕ್ಕ ನನ್ನ ಕೈ ನಿನ್ನ ಕೈ ಮ್ಯಾಲೆ ಇಡಬೇಕವ್ವಾ. ಎಲ್ಲೈತಿ ಆ ಕೈ?"

ಮುಂಡಗೋಡ ತಾಲೂಕಿನ ಪಾಳಾದಲ್ಲಿ ಹಿರಿಯರೊಬ್ಬರು ಹೊರಗಿನವರಿಗೂ ಕಲಿಸುತ್ತಾರೆಂದು ಕೇಳಿ ಅಕ್ಕನನ್ನು ಕರೆದೊಯ್ದೆ. ಅವರ ಕ್ರಮ ಬೇರೆ. ಕಟುಕರ ಕಡೆಯಿಂದ ಆಡಿನ ಕಾಲು ತರಿಸಿ, ಕೀಲು ತಪ್ಪಿಸಿ, ಕೂಡಿಸಲು ಹೇಳುತ್ತಿದ್ದರು. ನಾವು ಲಿಂಗ ಕಟ್ಟಿದ ಮನೆಯವರು, ಮಾಂಸ ಮುಟ್ಟುವವರಲ್ಲ. ಅಕ್ಕ ಹಿಂಜರಿದದ್ದನ್ನು ನೋಡಿ ಅವರು ನಕ್ಕರು.

"ಮನಷ್ಯಾರ ತೊಗಲಿನ ಒಳಗ ಏನೈತಿ ಅಂತ ತಿಳದೀಯವ್ವಾ? ಬದನೀಕಾಯಿ?"

"ನಮ್ಮಪ್ಪ ಗಡಿಗಿ ಮ್ಯಾಲೆ ಕಲಸ್ಯಾನ್ರಿ."

"ನಿಮ್ಮಪ್ಪನ ಗಡಿಗಿಗೆ ನರಾ ಇದ್ದೂವೇನ?"

ಅಕ್ಕ ಸೆರಗು ಸಿಕ್ಕಿಸಿ ಕೂತಳು. ಮುಟ್ಟಿದಳು. ಕೀಲು ಕೂಡಿಸಿದಳು. ಹಿರಿಯರು ತಲೆಯಾಡಿಸಿದರು, ಆದರೆ ಮುಂದಿನ ಪಾಠ ಕೇಳಿದಾಗ, "ಪರರ ಹೆಣ್ಣಮಗಳ ಕೈ ನಾ ಹಿಡೀಬಾರದವ್ವಾ," ಅಂದರು.

ಊರಿಗೆ ಬಂದು ಸ್ನಾನ ಮಾಡಿ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವನು ಸಿಟ್ಟಾಗಲಿಲ್ಲ.

"ಸತ್ತ ಕಾಲು ಬಿಗಿ ಹಿಡಿಯೂದಿಲ್ಲವ್ವಾ. ನೋವಿಗೆ ಮನಷ್ಯಾ ಬಿಗಿ ಹಿಡೀತಾನ. ಆ ಬಿಗಿ ಸಡಲೂ ಹೊತ್ತು ಕೈಗೆ ಗೊತ್ತಾಗಬೇಕು."

ಎರಡು ಕ್ರಮಗಳನ್ನೂ ನಾನು ಹೋಲಿಸಿ ನೋಡಿದೆ. ಗಡಿಗೆ ಆಕಾರ ಕಲಿಸುತ್ತದೆ, ಆಡಿನ ಕಾಲು ಕೀಲು ಕಲಿಸುತ್ತದೆ. ಅಲ್ಲಿಂದ ಮುಂದಿನ ಪಾಠ ಎರಡೂ ಕಡೆ ಒಂದೇ: ಕಲಿಸುವವರ ಕೈ ಕಲಿಯುವವರ ಕೈಯ ಮೇಲಿರಬೇಕು. ಒಬ್ಬರು ಕೊಡಲೊಲ್ಲರು. ಇನ್ನೊಬ್ಬರಲ್ಲಿ ಕೊಡಲು ಉಳಿದಿರಲಿಲ್ಲ.

ದೀಪಾವಳಿ ಆದಮೇಲೆ ದಾಂಡೇಲಿಯಿಂದ ಕೂಲಿಯವನೊಬ್ಬ ಬಂದ. ಬೆಳಗಾವಿ ಕಡೆಯವನು, ಬಿದಿರು ಹೊರುತ್ತಿದ್ದ. ಬಲಭುಜದ ಕೀಲು ತಪ್ಪಿತ್ತು. ಅಪ್ಪ ತನ್ನ ಸ್ಥಿತಿಯನ್ನು ಮುಚ್ಚಿಡಲಿಲ್ಲ.

"ಯಾರರ ಕೂಡಸ್ರಿ ಅಜ್ಜಾರ, ನಾಳಿ ಪಾಳಿ ಐತಿ," ಅಂದ ಅವನು.

ಅಕ್ಕ ಅವನ ತೋಳು ಹಿಡಿದಳು. ಅಪ್ಪ ಎಡಗೈಯನ್ನು ಅವಳ ಕೈಯ ಮೇಲಿಟ್ಟ. ಆಯುಷ್ಯವೆಲ್ಲ ಆ ಎಡಗೈ ರೋಗಿಯನ್ನು ಅಲುಗದಂತೆ ಹಿಡಿಯುವ ಕೆಲಸವನ್ನಷ್ಟೇ ಮಾಡಿತ್ತು, ಕೂಡಿಸಿದ್ದು ಬಲಗೈ. "ಈಗ," ಅಂದ. "ಅಲ್ಲ, ತಡಿ. ಈಗ." ಅವನ ಬಾಯಿಂದ ಮಾತು ಬರುವಷ್ಟರಲ್ಲಿ ಸಡಿಲಿದ ಭುಜ ಮತ್ತೆ ಬಿಗಿಯುತ್ತಿತ್ತು. ಅಕ್ಕ ಎಳೆದಳು. ಆ ಮನುಷ್ಯ ಕೂಗಿಕೊಂಡ. ಭುಜ ಕೂಡಲಿಲ್ಲ.

"ಬಿಡವ್ವಾ, ಸಾಕು," ಅಂದ ಕೂಲಿಯವನು. ಬೆವರು ಒರೆಸಿಕೊಂಡು, ತೋಳನ್ನು ಎದೆಗೆ ಒತ್ತಿ ಹಿಡಿದು ಧಾರವಾಡದ ದವಾಖಾನೆಗೆ ಹೋದ. ಅಲ್ಲಿ ಕೂಡಿಸಿದರು, ಕೈ ಮಾತ್ರ ಮೊದಲಿನಂತೆ ಮೇಲೆ ಏಳಲಿಲ್ಲವೆಂದು ಆಮೇಲೆ ತಿಳಿಯಿತು. ಅದು ಅಕ್ಕ ಎಳೆದದ್ದರಿಂದಲೋ ಅಲ್ಲವೋ, ಯಾರೂ ಹೇಳಲಾರರು. ಅಕ್ಕ ಮತ್ತೆ ಯಾರ ಮೈಯನ್ನೂ ಮುಟ್ಟಲಿಲ್ಲ.

ಸುದ್ದಿ ತಿಳಿಯದ ಹೊರಗಿನವರು ಆಮೇಲೂ ಕೆಲವು ವರ್ಷ ಬರುತ್ತಿದ್ದರು. ಅಕ್ಕ ಹೊಸ್ತಿಲಲ್ಲೇ ನಿಂತು, "ಇಲ್ಲರಿ, ಇಲ್ಲೆ ಈಗ ಯಾರೂ ಕೂಡಸೂದಿಲ್ಲ. ಧಾರವಾಡ ಬಸ್ಸು ಊರ ಅಗಸಿ ಬಾಗಲ ಮುಂದ ನಿಲ್ಲತೈತಿ," ಅನ್ನುತ್ತಿದ್ದಳು.

"ಯಾರವ್ವಾ?" ಎಂದು ಒಳಗಿನಿಂದ ಅಪ್ಪ ಕೇಳುತ್ತಿದ್ದ.

"ಹಾದಿ ಕೇಳಾಕ ಬಂದಿದ್ರು."