ಹಾಸಿನ ಮೇಲಿನ ಮಳೆಗಂಟೆ

ಬಡವನಹಳ್ಳಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅಂಜನಪ್ಪನನ್ನು ಊರವರು ‘ಅಂಡು ಸುಟ್ಟ ಬೆಕ್ಕು’ ಅನ್ನುತ್ತಿದ್ದರು. ಸುಳ್ಳೇನಲ್ಲ. ಅಂಗಡಿಯಲ್ಲಿದ್ದರೆ ಮನೆಯ ಚಿಂತೆ, ಮನೆಯಲ್ಲಿದ್ದರೆ ಅಂಗಡಿಯ ಚಿಂತೆ. ಊಟಕ್ಕೆ ಕೂತರೂ ಒಂದು ಮಂಡಿ ಎದ್ದೇ ಇರುತ್ತಿತ್ತು.

ಅಪ್ಪ ಸತ್ತ ಮೇಲೆ ಅವನನ್ನು ಸಾಕಿದವರು ಅಣ್ಣ ದಾಸಣ್ಣ, ಅತ್ತಿಗೆ ಹೊನ್ನಕ್ಕ. ಕಂಬಳಿ ನೇಯುವ ಕುರುಬರ ಮನೆ ಅದು. ಅಣ್ಣ ಮಗ್ಗ ಕಲಿಸಲು ನೋಡಿದ. ತಮ್ಮ ಸಿರಾಕ್ಕೆ ಓಡಿಹೋಗಿ ಸಾಬರೊಬ್ಬರ ಅಂಗಡಿಯಲ್ಲಿ ರೇಡಿಯೊ ಬಿಚ್ಚುವುದನ್ನು ಕಲಿತು ಬಂದ. ದಾಸಣ್ಣ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಂಜನಪ್ಪನ ಮನಸ್ಸು ಹಗುರಾಗುತ್ತಿತ್ತು. ಬೈಯದ್ದರಿಂದಲೇ, ತನ್ನ ಕೈಕೆಲಸದಿಂದ ಅಣ್ಣನ ಮಗ್ಗಕ್ಕೆ ಒಂದಾದರೂ ಉಪಕಾರ ಆಗಲೇಬೇಕು ಎಂಬ ಹಟ ಅವನನ್ನು ಹಿಡಿದುಕೊಂಡಿತು.

ಕಂಬಳಿಯ ಉದ್ದ ನೂಲುಗಳನ್ನು ಅಂಗಳದಲ್ಲಿ ಎಳೆದು ಕಟ್ಟಿ, ಹುಣಿಸೆಬೀಜದ ಗಂಜಿ ಬಳಿದು ಒಣಗಿಸಬೇಕು. ಅದೇ ಹಾಸು. ನಡುವೆ ಮಳೆ ಬಿದ್ದರೆ ಗಂಜಿ ತೊಳೆದುಹೋಗುತ್ತದೆ. ಬೇಗ ಸುತ್ತಿ ಒಳಗೆ ಒಯ್ಯಬೇಕು, ಮಳೆ ನಿಂತ ಕೂಡಲೇ ಬಿಚ್ಚಬೇಕು. ತಡವಾದರೆ ಹಸಿ ಗಂಜಿಗೆ ನೂಲುಗಳು ಅಂಟಿಕೊಳ್ಳುತ್ತವೆ. ಎಂಬತ್ತಮೂರನೆಯ ಇಸವಿಯಲ್ಲಿ ಅಂಜನಪ್ಪ ಅದಕ್ಕೊಂದು ಮಳೆಗಂಟೆ ಮಾಡಿದ. ಹೊರಗೆ ತಾಮ್ರದ ಗೆರೆಗಳಿದ್ದ ಒಂದು ಪ್ಲಾಸ್ಟಿಕ್ ತಗಡು, ಒಳಗೆ ಬ್ಯಾಟರಿ ಮತ್ತು ಗಂಟೆ. ಗೆರೆಗಳ ನಡುವೆ ನೀರು ಕೂತರೆ ಗಂಟೆ ಕೂಗುತ್ತದೆ.

ಯಂತ್ರವೇನೋ ಸರಿಯಾಯಿತು, ತಗಡನ್ನು ಹೊರಗೆ ಕೂರಿಸುವುದೇ ತಲೆನೋವಾಯಿತು. ಹೆಂಚಿನ ಮೇಲೆ ಮಟ್ಟವಾಗಿ ಇಟ್ಟರೆ ನೀರು ಇಳಿಯದೆ ಮಳೆ ನಿಂತ ಮೇಲೂ ಕೂಗಿತು. ಹಳೆಯ ಕಿಟಕಿಯ ತಿರುಗಣಿ ಹಾಕಿ ಓರೆ ಮಾಡಿದರೆ ಗಾಳಿಗೆ ಮಗುಚಿತು. ಕೊನೆಗೆ ಅಂಗಳದ ಮಧ್ಯೆ ಎತ್ತರದ ಕಬ್ಬಿಣದ ಪೈಪು ನೆಟ್ಟು, ಪಟ್ಟಿ ಬಡಿದು, ಬೋಲ್ಟು ಬಿಗಿದ. ಆಗ ಸರಿಹೋಯಿತು.

ಅಷ್ಟರಲ್ಲಿ ದೇವರ ಗದ್ದುಗೆಗೆ ಕಂಬಳಿ ನೇಯುವ ಸರದಿ ದಾಸಣ್ಣನಿಗೆ ಬಂತು. ಆತ ಪೈಪನ್ನು ನೋಡಿ ತಲೆಯಾಡಿಸಿದ.

“ದ್ಯಾವ್ರ ಹಾಸಿನ್ ಮ್ಯಾಲೆ ಕಬ್ಣದ ನೆಳ್ಳು ಬೀಳ್ಬಾರ್ದು ಕಣ್ಲಾ. ನಮ್ಮನೇಲಿ ಮೊದ್ಲಿಂದ ಅಂಗೇಯ.”

“ಅಂಗಾರೆ ಮರದ್ದು ಮಾಡ್ತೀನಿ ಬುಡಣ್ಣ,” ಅಂದ ಅಂಜನಪ್ಪ.

ಪೈಪು ಕಿತ್ತು, ಹೊಂಗೆಯ ಕವೆಗೋಲು ನೆಟ್ಟು, ತಗಡನ್ನು ಉಣ್ಣೆದಾರದಲ್ಲಿ ಬಿಗಿದ. ಕೋಲು ಗಿಡ್ಡ, ತಗಡು ಎದೆಮಟ್ಟಕ್ಕೆ ಬಂತು. ಬೆಳಿಗ್ಗೆ ಅಣ್ಣ ಹಾಸಿನ ಮೇಲೆ ಗಂಜಿ ಬಳಿಯುತ್ತಿದ್ದಾಗ ಜಂಬದಿಂದ ಹೇಳಿದ: “ಮಳೆ ಬತ್ತೈತೆ ಅಂತ ಇದು ನಮಗಿಂತ ಮೊದ್ಲೇ ಹೇಳ್ತೈತೆ. ಇದು ಕೂಗಿದ್ರೆ ಆಕಾಸ ನೋಡ್ಬ್ಯಾಡ, ಎತ್ಬುಡು.”

ಹಾಗೆಂದವನು ಹೊಸ ಬ್ಯಾಟರಿ ತರಲು ಮಧುಗಿರಿ ಬಸ್ಸು ಹತ್ತಿದ. ಇದ್ದ ಬ್ಯಾಟರಿ ಚೆನ್ನಾಗಿಯೇ ಇತ್ತು. ಕೂರಲು ಆಗಲಿಲ್ಲ, ಅಷ್ಟೇ.

ಮಧ್ಯಾಹ್ನ ತಿರುಗಿ ಬಂದಾಗ ನೆತ್ತಿ ಸುಡುವ ಬಿಸಿಲು. ಅಂಗಳದಲ್ಲಿ ಹಾಸು ಕಾಣಲಿಲ್ಲ. ಒಳಗೆ ಗಂಟೆ ಗಂಟಲು ಕಟ್ಟಿದಂತೆ ಕೂಗುತ್ತಲೇ ಇತ್ತು. ಸುತ್ತಿಟ್ಟ ಹಾಸಿನ ಪಕ್ಕ ದಾಸಣ್ಣ ಕೂತಿದ್ದ.

“ನೀನೇಳ್ದಂಗೇ ಎತ್ಬುಟ್ಟೆ ಕಣ್ಲಾ. ಬಿಸ್ಲು ಹಿಂಗೈತೆ, ಬಿಚ್ಚು ಅಂತ ಊರೋರೆಲ್ಲ ಅಂದ್ರು. ನನ್ ತಮ್ಮ ಸುಳ್ಳೇಳಕಿಲ್ಲ, ಗಂಟೆ ನಿಲ್ಲೋಗಂಟ ಬಿಚ್ಚಲ್ಲ ಅಂದೆ. ಮಳೆ ಬ್ಯಾರೆ ಕಡೀಕ್ ಹೋಯ್ತೇನೋ.”

ಅಂಜನಪ್ಪ ಅಂಗಳಕ್ಕೆ ಓಡಿದ. ತಗಡಿನ ತುಂಬ ಅರಿಶಿನದ ನೀರು. ಉಣ್ಣೆದಾರದ ಕೆಳಗೆ ಒಂದು ಒದ್ದೆ ಕಣಗಿಲೆ ಹೂವು.

“ದ್ಯಾವ್ರ ಹಾಸು ಕಾಯೋದಲ್ವೇನಪ್ಪ, ಹಾಸಿನ್ ಜೊತೆ ಅದ್ಕೂ ಪೂಜೆ ಮಾಡ್ದೆ. ಹೂ ಇಟ್ಟೇಟ್ಗೆ ಕೂಗ್ತು, ನಿಜವಾಗ್ಲೂ ಮೈ ಜುಂ ಅಂತು,” ಅಂದಳು ಹೊನ್ನಕ್ಕ.

ಹೂವು ತೆಗೆದು ಪಂಚೆಯ ಅಂಚಿನಿಂದ ತಗಡು ಒರೆಸಿದ. ಗಂಟೆ ನಿಂತಿತು. ಒಳಗೆ ಬಂದು ಹಾಸು ಬಿಚ್ಚಲು ನೋಡಿದ. ನೂಲಿಗೆ ನೂಲು ಅಂಟಿ ಕಟ್ಟಿಗೆಯಾಗಿತ್ತು. ಎಳೆದಲ್ಲೆಲ್ಲ ಹರಿಯಿತು. ದಾಸಣ್ಣ ನಿಧಾನವಾಗಿ ಅವನ ಕೈ ಹಿಡಿದು ನಿಲ್ಲಿಸಿದ.

ಅಂಜನಪ್ಪನಿಗೆ ಅಳು ಬಂತು. “ಅಣ್ಣ, ಅದಕ್ಕೆ ಮೊದ್ಲೇ ಏನೂ ಗೊತ್ತಾಗಲ್ಲ. ನೀರ್ ಬಿದ್ಮೇಲೆ ಕೂಗ್ತೈತೆ, ಅಷ್ಟೇಯ. ಕೊಚ್ಕೊಂಡಿದ್ದು ನಾನು. ಅತ್ತಿಗೇದೇನೂ ತಪ್ಪಿಲ್ಲ.”

ದಾಸಣ್ಣ ಆಗಲೂ ಬೈಯಲಿಲ್ಲ. ಹಾಸನ್ನು ಎತ್ತಿ ಮೂಲೆಗಿಟ್ಟು, ಹೆಂಡತಿಗೆ ಮತ್ತೆ ಉಣ್ಣೆ ನೂಲಲು ಹೇಳಿದ. ಅಂಜನಪ್ಪ ಅಂದು ಉಣ್ಣಲಿಲ್ಲ.

ಹೊಸ ನೂಲು ಕೂಡಿಬಂದು ಮತ್ತೆ ಹಾಸು ಎಳೆದ ಬೆಳಿಗ್ಗೆ ಅಂಜನಪ್ಪ ಕಳ್ಳನಂತೆ ಅಂಗಡಿಗೆ ಹೊರಟಿದ್ದ. ದಾಸಣ್ಣ ಗಂಜಿಯ ಕುಂಚ ಹಿಡಿದೇ ಕೂಗಿದ.

“ಎಲ್ಗ್ಲಾ? ಬಾ ಇಲ್ಲಿ, ಕುಂತ್ಕೋ. ಆಕಾಸ ನೋಡ್ತಿರು. ನೀನ್ ಕೂಗಿದ್ರೆ ಎತ್ತೀನಿ.”

ಅಂಜನಪ್ಪ ಅಣ್ಣನ ಮುಖ ನೋಡಿದ. ಚೀಲ ಕೆಳಗಿಟ್ಟು ಹಾಸಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಕಾಲು ಜೋಮು ಹಿಡಿಯಿತು, ಕಣ್ಣು ಉರಿಯಿತು, ಅಂಗಡಿಗೆ ಬಂದ ಗಿರಾಕಿಗಳು ಹಿಂತಿರುಗಿ ಹೋದರು. ಹಾಸು ಒಣಗುವವರೆಗೆ ಅವನು ಏಳಲಿಲ್ಲ.