ಮೂರನೇ ಸೀಸನ್ನಿನ ಗೂಡಜ್ಜಿ

ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ರೇಷ್ಮೆಗೂಡಿನೊಳಗೆ ಹುಳು ಲಟಲಟ ಎನ್ನುತ್ತದೆ. ಶಿಡ್ಲಘಟ್ಟದ ದಿಲ್ಷಾದ್ ಬೇಗಂ ಆ ಸದ್ದು ಕೇಳಿಯೇ ಗೂಡಿನ ಗುಣ ಹೇಳುತ್ತಿದ್ದವರು. ಮನೆ ಹಿಂದಿನ ಶೆಡ್ಡಿನಲ್ಲಿ ನೂಲು ಬಿಚ್ಚಲು ಒಳ್ಳೆಯ ಗೂಡನ್ನು ಬಿಸಿನೀರಿಗೆ, ಕಲೆ ಬಿದ್ದದ್ದನ್ನು ಬುಟ್ಟಿಗೆ ಹಾಕುತ್ತಲೇ ಅವರಿಗೆ ಅರವತ್ತು ದಾಟಿತು. ಬಾಯಿ ಮಾತ್ರ ಇನ್ನೂ ಜೋರು.

ಮಗಳು ಸನಾ ಆ ಬಾಯನ್ನೇ ಬಂಡವಾಳ ಮಾಡಿಕೊಂಡು, ಫೋನಿನಲ್ಲಿ ಚಿತ್ರ ಬರೆದು, ತಾನೇ ದನಿ ಕೊಟ್ಟು, ‘ಗೂಡಜ್ಜಿ’ ಎಂಬ ನಗೆ ಕಾರ್ಟೂನು ಶುರುಮಾಡಿದ್ದಳು. ಎರಡು ಸೀಸನ್ನು ಗೂಡಜ್ಜಿ ದಲ್ಲಾಳಿಗಳನ್ನು ಬೈದಳು. ಸ್ಕಂದಗಿರಿ ಹತ್ತಲು ಬಂದ ಹುಡುಗರ ತಲೆಗೆ ಹಿಪ್ಪುನೇರಳೆ ಸೊಪ್ಪು ಹೊರಿಸಿದಳು. ಸಾದಲಿಯಿಂದ ಮಂಚೇನಹಳ್ಳಿವರೆಗೆ ಜನ ನಕ್ಕರು.

ಮೂರನೆಯದನ್ನು ಬರೆಯುತ್ತಿದ್ದಾಗ ಒಂದು ಬೆಳಿಗ್ಗೆ ದಿಲ್ಷಾದ್ ಕಲೆಗೂಡನ್ನು ನೀರಿಗೆ ಹಾಕಿ, ಒಳ್ಳೆಯದನ್ನೆಲ್ಲ ಬುಟ್ಟಿಗೆ ಎಸೆಯುತ್ತ ಕೂತಿದ್ದರು. ಕೇಳಿದರೆ ಎಲ್ಲಿ ಕುಸಿದುಹೋಗುತ್ತಾರೋ ಎಂದು ಸನಾ ಸದ್ದಿಲ್ಲದೆ ಆರಿಸಿ ಸರಿಮಾಡಿದಳು. ಮರುವಾರ ಮತ್ತೆ ಅದೇ. ಯಾರಿಗೂ ಹೇಳಲಾಗದ ಆ ತಪ್ಪನ್ನು ಅವಳು ಗೂಡಜ್ಜಿಯ ಕೈಲಿ ಮಾಡಿಸಿದಳು. ಬರೆಯುವಾಗ ತಮಾಷೆಯಾಗಿಯೇ ಇತ್ತು. ದನಿ ಕೊಡುವಾಗ ಹಾಗೆನಿಸಲಿಲ್ಲ. ಹಿನ್ನೆಲೆಯ ನಗುವನ್ನು ತೆಗೆದುಹಾಕಿ, ಅಜ್ಜಿ ತನ್ನ ಕೈಗಳನ್ನೇ ನೋಡಿಕೊಳ್ಳುವುದನ್ನು ಉಳಿಸಿದಳು.

ಕಂತು ಹೊರಬಿದ್ದ ಮೇಲೆ ಭಯವಾಯಿತು. ಗೂಡಜ್ಜಿಯಲ್ಲಿ ಅಮ್ಮಿ ತನ್ನನ್ನೇ ಗುರುತಿಸಿಬಿಟ್ಟರೆ? ಅಳಿಸಿಬಿಡೋಣವೆಂದು ಫೋನು ತರಲು ಎದ್ದು ಬರುವಷ್ಟರಲ್ಲಿ, ಜಗಲಿಯ ಮೇಲೆ ಪಕ್ಕದ ಮನೆಯ ಗಂಗುಲಮ್ಮ ಫೋನು ಹಿಡಿದು ಅಮ್ಮಿಗೆ ತೋರಿಸುತ್ತಿದ್ದಳು.

“ಏನ್ ದಿಲ್ಷಾದಮ್ಮ, ನಿಮ್ ಮುದುಕಿ ಈ ಸಲ ನಗಿಸ್ತಾನೇ ಇಲ್ಲ. ಪಾಪಂ, ಅರಳುಮರಳು ಕಣಮ್ಮ ಅದಕ್ಕೆ.”

“ನಿಂಗೇನ್ ಕಮ್ಮಿನಾ? ಹೋದ್ವಾರ ನಮ್ಮನೆಗೆ ಬಂದು ನಿಮ್ಮನೆ ಬೀಗದ್ ಕೈ ಹುಡುಕ್ದೋಳು.”

ಗಂಗುಲಮ್ಮ ನಕ್ಕಳು. ದಿಲ್ಷಾದ್ ನಗಲಿಲ್ಲ. ಪರದೆ ಕಪ್ಪಾದ ಮೇಲೂ ಅದನ್ನೇ ನೋಡುತ್ತಿದ್ದು, ಮಗಳತ್ತ ತಿರುಗಿದರು.

“ಬುಟ್ಟಿಯಿಂದ ನೀನು ಆರಿಸಿ ಹಾಕ್ತಿದ್ದಿದ್ದು ನೋಡ್ದೆ ಕಣಮ್ಮ. ಯಾಕೆ ಹೇಳಲಿಲ್ಲ?”

“ಭಯ ಆಯ್ತು ಅಮ್ಮಿ.”

“ನಂಗೂ ಅದಕ್ಕೇ ಕೇಳಕ್ಕಾಗಲಿಲ್ಲ.”

ಗಂಗುಲಮ್ಮ ಮೆಲ್ಲಗೆ ಫೋನು ಮಡಿಲಿಗಿಟ್ಟುಕೊಂಡಳು.

“ಮುಂದಿನ್ ಭಾಗದಲ್ಲಿ ಗೂಡಜ್ಜಿ ಮಗಳನ್ನೂ ಮರ್ತುಬಿಡ್ತಾಳಾ?” ಎಂದರು ದಿಲ್ಷಾದ್.

ಸನಾ ಹತ್ತಿರ ಬಂದಳು. “ಇಲ್ಲ ಅಮ್ಮಿ. ಇಬ್ರೂ ಡಾಕ್ಟರ್ ಹತ್ರ ಹೋಗ್ತಾರೆ. ಆಮೇಲೆ ಅಜ್ಜಿ...”

ದಿಲ್ಷಾದ್ ಎದ್ದರು. ಕೇಳಿದ್ದೇ ಮರೆತುಹೋಯಿತೋ, ಉತ್ತರ ಬೇಡವೆನಿಸಿತೋ, ಮುಖದಲ್ಲಿ ಏನೂ ತಿಳಿಯಲಿಲ್ಲ. ಸನಾ ಇನ್ನೂ ಮಾತಾಡುತ್ತಿರುವಾಗಲೇ ಅವರು ಜಗಲಿ ಇಳಿದು, ಬೀದಿ ಹಿಡಿದು ನಡೆದುಬಿಟ್ಟರು.